ಅರ್ಧ ಕೊಯ್ದ ತಂತಿ

1997ರ ಆಗಸ್ಟ್ ತಿಂಗಳ ಕೊನೆಯ ಗುರುವಾರ ಬೆಳಿಗ್ಗೆ ರೇಸ್ ಕಾರಿನ ಮಾಲೀಕ ಕ್ಲಿಫ್ಟನ್ ಮೇಬ್ರಿ, ದಕ್ಷಿಣ ಕ್ಯಾರೊಲೈನಾದ ಹಾಲ್ಸಿ ಕೌಂಟಿ ಶೆರಿಫ್ ಠಾಣೆಗೆ ಬಂದು ಸಾರ್ಜೆಂಟ್ ಮಾರ್ವಿನ್ ಗ್ಯಾಸ್ಕಿನ್ಸನ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲವನ್ನು ಇಟ್ಟ. ಅದರಲ್ಲಿ ಎರಡು ತುಂಡು ತಂತಿಗಳಿದ್ದವು.

ಮೇಬ್ರಿಯ ಇಪ್ಪತ್ತೊಂಬತ್ತನೇ ನಂಬರಿನ ಕಾರನ್ನು ಓಡಿಸುವವನು ಹೊಯ್ಟ್ ಲ್ಯಾನ್‌ಫರ್ಡ್, ಐವತ್ತರ ಆಸುಪಾಸಿನವನು. ಏಪ್ರಿಲ್‌ನಲ್ಲಿ ಹಾಲ್ಸಿ ಸ್ಪೀಡ್‌ವೇಯಲ್ಲಿ ನಡೆದ ರೇಸಿನ ಕೊನೆಯ ಹಂತದಲ್ಲಿ, ನಾಲ್ಕನೆಯ ಸ್ಥಾನದಲ್ಲಿದ್ದ ಆ ಕಾರು ಬರಬರುತ್ತ ಸೊರಗಿ ನಿಂತುಬಿಟ್ಟಿತ್ತು. ಜುಲೈನಲ್ಲಿ ಬೇರೆ ರಾಜ್ಯದ ಟ್ರ್ಯಾಕಿನಲ್ಲೂ ಅದೇ ಕತೆ. ಎರಡನೆಯ ಸಲ ಬಿಚ್ಚಿ ನೋಡಿದಾಗ, ಬ್ಯಾಟರಿಗೆ ಕರೆಂಟು ತುಂಬುವ ತಂತಿಯ ಮೇಲೆ ಚಾಕುವಿನ ಗುರುತು ಕಂಡಿತು. ಮೇಬ್ರಿ ಗುಜರಿ ಡಬ್ಬ ಕೆದಕಿ ಏಪ್ರಿಲ್‌ನ ತಂತಿಯನ್ನೂ ಹುಡುಕಿಸಿದ. ಅದರಲ್ಲೂ ಅಂಥದ್ದೇ ಗುರುತು: ಅರ್ಧ ನೀಟಾಗಿ ಕೊಯ್ದದ್ದು, ಇನ್ನರ್ಧ ಹರಿದದ್ದು.

"ಯಾರ ಮೇಲಾದರೂ ಅನುಮಾನ?"

"ಡ್ವೇನ್ ಟಿಸ್ಡೇಲ್. ಮೆಕ್ಯಾನಿಕ್. ಮಾರ್ಚಲ್ಲಿ ಕೆಲಸದಿಂದ ತೆಗೆದೆ. ಭಾನುವಾರ ಐನೂರು ಮೈಲಿ ರೇಸಿದೆ ಸಾರ್ಜೆಂಟ್. ಅಷ್ಟರೊಳಗೆ ಅವನನ್ನ ಒಳಗೆ ಹಾಕಿ."

ಜುಲೈ ಘಟನೆ ತನ್ನ ವ್ಯಾಪ್ತಿಗೆ ಬಾರದ್ದರಿಂದ ಗ್ಯಾಸ್ಕಿನ್ಸ್ ಏಪ್ರಿಲ್ ಘಟನೆಗೆ ಮಾತ್ರ ದೂರು ದಾಖಲಿಸಿದ. ರೇಸಿನ ಊರಲ್ಲೇ ಹುಟ್ಟಿಯೂ ರೇಸಿನ ದಿನ ಗಾಳ ಹಿಡಿದು ಹೊಳೆದಂಡೆಗೆ ಹೋಗುವ ಮನುಷ್ಯ ಅವನು. ಆದರೆ ಆ ತಂತಿ ಅವನ ತಲೆಯೊಳಗೆ ಹೊಕ್ಕು ಕೂತಿತು. ಕೆಡಿಸುವವನು ಅರ್ಧಕ್ಕೆ ಯಾಕೆ ನಿಲ್ಲಿಸಬೇಕು?

ಮಧ್ಯಾಹ್ನ ಡೆಪ್ಯುಟಿ ರೆನೇ ಪ್ರುಯಿಟ್‌ಳನ್ನು ಕರೆದುಕೊಂಡು ಸ್ಪೀಡ್‌ವೇಯ ಗ್ಯಾರೇಜಿಗೆ ಹೋದ. ಪಕ್ಕದ ತಂಡದ ಇಬ್ಬರು ಸಾಕ್ಷಿಗಳಾಗಿ ನಿಂತರು. ಬಾನೆಟ್ ಎತ್ತಿಸಿ, ತಂತಿ ಹಾದುಹೋಗುವ ಜಾಗವನ್ನು ಅಳೆದು ವಿವರ ಬರೆಸಿದ. ತಂತಿಯಿಂದ ಒಂದು ಗೇಣಿನಾಚೆ ಬ್ರೇಕಿನ ಕೊಳವೆ ಇತ್ತು.

ತಂತಿ ಹರಿದರೆ ಏನಾಗುತ್ತದೆ ಎಂದು ಸಾಕ್ಷಿಗಳಲ್ಲಿ ಒಬ್ಬನನ್ನು ಕೇಳಿದ. ತಕ್ಷಣಕ್ಕೆ ಏನೂ ಆಗುವುದಿಲ್ಲ. ಅರ್ಧ ಕೊಯ್ದದ್ದು ಕುಲುಕಾಟಕ್ಕೆ ಯಾವಾಗಲೋ ಹರಿಯುತ್ತದೆ, ಆಮೇಲೆ ಬ್ಯಾಟರಿ ಮೀಟರಿನ ಸೂಜಿ ಮೆಲ್ಲಗೆ ಇಳಿಯುತ್ತದೆ, ಎಂಜಿನ್ ಕೆಮ್ಮುತ್ತದೆ, ಕಾರನ್ನು ಟ್ರ್ಯಾಕಿನ ಒಳಬದಿಯ ಹುಲ್ಲಿಗೆ ಇಳಿಸಲು ಸಾಕಷ್ಟು ಹೊತ್ತು ಸಿಗುತ್ತದೆ ಎಂದ.

"ಸೋಲಿಸೋದಷ್ಟೇ ಬೇಕಿದ್ರೆ?"

"ಪೆಟ್ರೋಲಿಗೆ ಸಕ್ಕರೆ ಸುರಿದ್ರೆ ಆಯ್ತು."

"ಸಾಯಿಸಬೇಕು ಅಂತಿದ್ರೆ?"

ಆ ಮನುಷ್ಯ ಬ್ರೇಕಿನ ಕೊಳವೆಯತ್ತ ನೋಡಿದ.

ಶುಕ್ರವಾರ ಟಿಸ್ಡೇಲ್ ಕೆರೆದಂಡೆಯ ತನ್ನ ಶೆಡ್ಡಿನಲ್ಲಿ ದೋಣಿಯ ಮೋಟರು ಬಿಚ್ಚಿಕೊಂಡು ಕೂತಿದ್ದ. ಮೇಬ್ರಿಯನ್ನು ಮನಸಾರೆ ಬೈದ. ಏಪ್ರಿಲ್ ಇಡೀ ತನ್ನ ಬಲಗೈ ಪ್ಲಾಸ್ಟರಿನಲ್ಲಿತ್ತು ಎಂದ. ಪ್ರುಯಿಟ್ ಅಲ್ಲಿಂದಲೇ ಆಸ್ಪತ್ರೆಗೆ ಫೋನು ಮಾಡಿ ಕೇಳಿದಳು, ನಿಜವಿತ್ತು. ಹೊರಡುವಾಗ ಟಿಸ್ಡೇಲನೇ ಹಿಂದಿನಿಂದ ಕೂಗಿದ.

"ನಾನಾಗಿದ್ರೆ ಮೊದಲನೇ ಸುತ್ತಲ್ಲೇ ಮುಗಿಸ್ತಿದ್ದೆ ಸಾರ್ಜೆಂಟ್, ಮೇಬ್ರಿ ಮುಖ ನೋಡೋಕೆ. ಇಷ್ಟು ಮೆತ್ತಗೆ ಕೆಡಿಸೋ ಬುದ್ಧಿ ನಂಗಿಲ್ಲ."

ಉಳಿದವರು ಗ್ಯಾರೇಜಿನ ಒಳಗಿನವರೇ: ಮೆಕ್ಯಾನಿಕ್ಕುಗಳು, ಮೇಬ್ರಿ, ಹೊಯ್ಟ್, ಮತ್ತು ಹೊಯ್ಟ್‌ನ ಅಕ್ಕ ವೆರ್ನಾ. ರೇಸಿನ ಹೊತ್ತಿನಲ್ಲಿ ಪ್ರೇಕ್ಷಕರ ಸ್ಟ್ಯಾಂಡಿನ ಚಾವಣಿ ಮೇಲೆ ನಿಂತು, ತಮ್ಮನಿಗೆ ಅಕ್ಕಪಕ್ಕದ ಕಾರುಗಳು ಎಲ್ಲೆಲ್ಲಿವೆ ಎಂದು ರೇಡಿಯೊದಲ್ಲಿ ಹೇಳುವುದು ಅವಳ ಕೆಲಸ. ಮೆಕ್ಯಾನಿಕ್ಕುಗಳಿಗೆ ಗೆದ್ದ ಹಣದಲ್ಲಿ ಪಾಲಿತ್ತು. ಅವರು ತಮ್ಮ ಅನ್ನಕ್ಕೆ ತಾವೇ ಮಣ್ಣು ಹಾಕಿಕೊಳ್ಳುವುದು ಗ್ಯಾಸ್ಕಿನ್ಸನಿಗೆ ನಂಬಿಕೆ ಹುಟ್ಟಿಸಲಿಲ್ಲ.

ಪ್ರುಯಿಟ್ ಅಪ್ಪನ ಹೆಗಲ ಮೇಲೆ ಕೂತು ರೇಸು ನೋಡಿ ಬೆಳೆದವಳು. ಆ ರೇಡಿಯೊ ಮಾತನ್ನು ಯಾರು ಬೇಕಾದರೂ ಕೇಳಬಹುದು, ಅಭಿಮಾನಿಗಳು ಕ್ಯಾಸೆಟ್ಟಿಗೆ ತುಂಬಿಕೊಳ್ಳುವುದೂ ಉಂಟು ಎಂದಳು. ಸ್ಪೀಡ್‌ವೇ ಹೊರಗಿನ ಮೈದಾನದಲ್ಲಿ ಆಗಲೇ ಬೀಡುಬಿಟ್ಟಿದ್ದ ವ್ಯಾನುಗಳ ನಡುವೆ ವಿಚಾರಿಸುತ್ತ ಹೋದಾಗ, ಇಪ್ಪತ್ತೊಂಬತ್ತನೇ ನಂಬರಿನ ಬಾವುಟ ಹಾರಿಸಿಕೊಂಡಿದ್ದ ಮುದುಕ ದಂಪತಿ ಸಿಕ್ಕರು. ಏಪ್ರಿಲ್‌ನ ಕ್ಯಾಸೆಟ್ ಅವರಲ್ಲಿತ್ತು. ಅಜ್ಜಿ ಇಬ್ಬರಿಗೂ ಟೊಮೆಟೊ ಸ್ಯಾಂಡ್‌ವಿಚ್ ತಿನ್ನಿಸಿಯೇ ಅದನ್ನು ಹೊರಗೆ ತೆಗೆದಳು.

ವ್ಯಾನಿನ ನೆರಳಲ್ಲಿ ಕೂತು ಕೇಳಿದರು. ಬಲಗಡೆ ಕಾರು ಬಂದಾಗ ವೆರ್ನಾ ಒಂದು ಸಲ ಹೇಳಿ ಸುಮ್ಮನಾಗುತ್ತಿದ್ದಳು. ಎಡಗಡೆ ಬಂದರೆ ಬೇರೆಯೇ ರೀತಿ. "ಎಡಕ್ಕೆ ಬಂದ... ಇನ್ನೂ ಇದ್ದಾನೆ... ಬಾಗಿಲ ಹತ್ರ... ಅಲ್ಲೇ ಇದ್ದಾನೆ, ಆ ಕಡೆ ಇಳೀಬೇಡ... ಈಗ ಹೋದ."

"ಯಾಕೆ ಇಷ್ಟು ಸಲ?" ಗ್ಯಾಸ್ಕಿನ್ಸ್ ಪ್ರುಯಿಟ್‌ಳನ್ನು ಕೇಳಿದ.

"ಗೊತ್ತಿಲ್ಲ ಸಾರ್. ಬೇರೆ ಯಾರೂ ಹೀಗೆ ಹೇಳಲ್ಲ. ಡ್ರೈವರ್ ಕೂರೋದೇ ಎಡಗಡೆ. ಅದು ಅವರಿಗೇ ಕಾಣುತ್ತೆ."

ಇನ್ನೊಂದಿಷ್ಟು ಹೊತ್ತಿನ ಮೇಲೆ ವೆರ್ನಾಳ ದನಿ ಕೇಳಿಸಿತು: "ಬ್ಯಾಟರಿ ಸೂಜಿ ಹೇಗಿದೆ ಹೊಯ್ಟ್?" ಸರಿಯಾಗಿದೆ ಎಂದ ತಮ್ಮ. ಸ್ವಲ್ಪ ಹೊತ್ತಿಗೆ ಅದೇ ಪ್ರಶ್ನೆ. ಮತ್ತೆ ಇನ್ನೊಮ್ಮೆ. ಕಾರು ಆಗಿನ್ನೂ ಚೆನ್ನಾಗಿಯೇ ಓಡುತ್ತಿತ್ತು.

ಪ್ರುಯಿಟ್ ಟೇಪು ನಿಲ್ಲಿಸಿದಳು. "ಚಾವಣಿ ಮೇಲಿನವರು ಬ್ಯಾಟರಿ ವಿಷಯ ಕೇಳೋದನ್ನ ನಾನು ಹುಟ್ಟಿದಾಗಿನಿಂದ ಕೇಳಿಲ್ಲ ಸಾರ್."

ಶನಿವಾರ ಬೆಳಿಗ್ಗೆ ಅಭ್ಯಾಸದ ಓಟ. ಗ್ಯಾಸ್ಕಿನ್ಸ್ ಚಾವಣಿಗೆ ಹತ್ತಿದ. ವೆರ್ನಾ ಲ್ಯಾನ್‌ಫರ್ಡ್ ಬಿಸಿಲಿಗೆ ಟೋಪಿ ಇಳಿಸಿಕೊಂಡು, ಕಂಬಿಗೆ ಹೊಟ್ಟೆ ಆನಿಸಿ ನಿಂತಿದ್ದಳು. ಕಾರುಗಳು ಒಳಗೆ ಹೋಗುವವರೆಗೂ ಅವನು ಕಾದ. ಅವಳು ಹೆಡ್‌ಫೋನ್ ತೆಗೆದ ಮೇಲೆ ಕೇಳಿದ.

"ನಿಮ್ಮ ತಮ್ಮನ ಎಡಗಣ್ಣಿಗೆ ಏನಾಗಿದೆ?"

ಅವಳು ತಂತಿಯ ಪ್ರಶ್ನೆಗೆ ಸಿದ್ಧವಾಗಿದ್ದಳೇನೋ. ಇದಕ್ಕೆ ಸಿದ್ಧವಿರಲಿಲ್ಲ. ಹೆಡ್‌ಫೋನನ್ನು ಕಂಬಿಗೆ ನೇತುಹಾಕಿದಳು. ಆಮೇಲೆ ಎಲ್ಲವನ್ನೂ ಹೇಳಿದಳು. ಹಿಂದಿನ ವರ್ಷದ ಅಪಘಾತದಲ್ಲಿ ಹೊಯ್ಟ್ ತಲೆಗೆ ಪೆಟ್ಟಾಗಿತ್ತು. ಎಡಗಣ್ಣು ದಿನಕ್ಕಿಷ್ಟು ಮಂಜಾಗುತ್ತ ಬಂದಿತ್ತು. ಬಿಸಿಲು ಓರೆಯಾದ ಮೇಲೆ ಆ ಕಡೆ ಪೂರ್ತಿ ಕತ್ತಲೆ. ಕಣ್ಣಿನ ಪರೀಕ್ಷೆಯ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಪಾಸಾಗಿದ್ದ. ಯಾರಿಗೂ ಹೇಳಬಾರದೆಂದು ಅಕ್ಕನಿಂದ ಆಣೆ ಮಾಡಿಸಿಕೊಂಡಿದ್ದ.

"ಡಾಕ್ಟರಿಗೆ ಒಂದು ಮಾತು ಹೇಳಬಹುದಿತ್ತು."

"ಹೇಳಿದ್ರೆ ಅವನು ಸಾಯೋವರೆಗೂ ನನ್ನ ಮುಖ ನೋಡ್ತಿರಲಿಲ್ಲ."

"ಕೆಲಸ ಬಿಡಬಹುದಿತ್ತು."

"ಬಿಟ್ರೆ ಇಲ್ಲಿಗೆ ಬೇರೆ ಯಾರನ್ನೋ ಹತ್ತಿಸ್ತಾನೆ. ಅವರಿಗೆ ಗೊತ್ತಿರಲ್ಲ, ಒಂದೇ ಸಲ ಹೇಳ್ತಾರೆ." ಅವಳು ಟೋಪಿ ತೆಗೆದು ಹಣೆ ಒರೆಸಿಕೊಂಡಳು. "ಓಡಲಿ ಅಂತಲೇ ಇತ್ತು ಸಾರ್ಜೆಂಟ್. ಕೊನೆವರೆಗೂ ಓಡೋದು ಬೇಡ ಅಂತ ಅರ್ಧ ಕೊಯ್ದೆ. ಬಿಸಿಲು ಚೆನ್ನಾಗಿರೋವರೆಗೂ ನಾನು ನಿಭಾಯಿಸ್ತೀನಿ."

"ಎಡಗಡೆ ಓಡೋರ ಗತಿ?"

ಅವಳು ಟೋಪಿಯನ್ನು ಮತ್ತೆ ಹಣೆಗೆ ಇಳಿಸಿಕೊಂಡಳು. ನಾಳೆಯ ರೇಸಿಗೂ ತಂತಿ ಕೊಯ್ದಾಗಿದೆಯೇ ಎಂದು ಕೇಳಿದ. ಇನ್ನೂ ಇಲ್ಲ ಎಂದಳು. ಜೇಬಿನಿಂದ ಚಿಕ್ಕ ಚಾಕುವೊಂದನ್ನು ತೆಗೆದು ತಾನಾಗಿಯೇ ಕೊಟ್ಟಳು. ಗ್ಯಾಸ್ಕಿನ್ಸ್ ಅದನ್ನು ವಶಕ್ಕೆ ತೆಗೆದುಕೊಂಡು, ಅವಳ ಹಕ್ಕುಗಳನ್ನು ಓದಿ ಹೇಳಿ, ಬಂಧಿಸಿರುವುದಾಗಿ ತಿಳಿಸಿದ. ಬೇಡಿ ಹಾಕಲಿಲ್ಲ. ಪ್ರುಯಿಟ್‌ಳನ್ನು ಮೊದಲೇ ಸ್ಪೀಡ್‌ವೇಯ ವೈದ್ಯರನ್ನು ಕರೆತರಲು ಓಡಿಸಿದ್ದ.

ಅವರು ಗ್ಯಾರೇಜು ತಲುಪುವ ಮೊದಲೇ ಚಾವಣಿಯ ರೇಡಿಯೊಗಳ ಮೂಲಕ ಸುದ್ದಿ ತಲುಪಿತ್ತು. ಹೊಯ್ಟ್ ಎದುರಿನಿಂದ ದಾಪುಗಾಲು ಹಾಕುತ್ತ ಬರುತ್ತಿದ್ದ.

"ನೀನಾ ಅಕ್ಕ? ಎರಡು ರೇಸು ನನ್ನ ಕೈ ತಪ್ಪಿಸಿದ್ದು ನೀನಾ?"

ಗ್ಯಾರೇಜಿನ ಕೋಣೆಗಳ ನಡುವಿನ ಓಣಿಯಿಂದ ಟೈರು ಹೇರಿದ ಕೈಗಾಡಿಯೊಂದು ಅವನ ಎಡಮಗ್ಗುಲಿಗೆ ಬರುತ್ತಿತ್ತು. ತಳ್ಳುವವನು ಪಕ್ಕಕ್ಕೆ ಸರಿಯಿರಿ ಎಂದು ಕೂಗಿದ. ಹೊಯ್ಟ್ ಆ ಕಡೆ ತಲೆ ತಿರುಗಿಸಲೇ ಇಲ್ಲ, ನೇರ ಅದರ ದಾರಿಗೆ ಕಾಲಿಟ್ಟ.

"ನಿಲ್ಲು," ವೆರ್ನಾ ಮೆಲ್ಲಗೆ ಅಂದಳು. "ಎಡಕ್ಕಿದೆ."

ಅವನು ಇದ್ದಲ್ಲೇ ನಿಂತ. ಗಾಡಿ ಅವನ ಅಂಗಿಯನ್ನು ಸವರಿಕೊಂಡು ಹೋಯಿತು. ಗ್ಯಾರೇಜಿನಲ್ಲಿದ್ದ ಅಷ್ಟೂ ಜನ ನೋಡಿದರು. ಹೊಯ್ಟ್ ಆ ಮುಖಗಳನ್ನೆಲ್ಲ ಒಮ್ಮೆ ನೋಡಿ, ಬಾಗಿಲಲ್ಲಿ ನಿಂತಿದ್ದ ವೈದ್ಯರ ಹಿಂದೆ ನಡೆದ. ಬಲಗಣ್ಣು ಮುಚ್ಚಿಸಿ ಬೆರಳೆತ್ತಿದ ವೈದ್ಯರಿಗೆ ಎರಡನೆಯ ಸಲ ಬೆರಳೆತ್ತಬೇಕಾಗಲಿಲ್ಲ.

ಠಾಣೆಗೆ ಹೋಗುವ ದಾರಿಯಲ್ಲಿ ಪ್ರುಯಿಟ್, ಇದು ಅಪರಾಧ ಅಂತ ನಿಮಗೆ ಅನಿಸುತ್ತದೆಯೇ ಎಂದು ಕೇಳಿದಳು. ಹೊಯ್ಟ್‌ನ ಎಡಗಡೆ ಓಡುವ ಯಾವ ಹುಡುಗನ ತಾಯಿಯನ್ನಾದರೂ ಕೇಳು ಎಂದ ಗ್ಯಾಸ್ಕಿನ್ಸ್. ಹಿಂದಿನ ಸೀಟಿನಲ್ಲಿದ್ದ ವೆರ್ನಾ ಹೌದೆಂಬಂತೆ ತಲೆಯಾಡಿಸಿದಳು.

ಭಾನುವಾರ ಇಪ್ಪತ್ತೊಂಬತ್ತನೇ ಕಾರನ್ನು ಬೇರೊಬ್ಬ ಓಡಿಸಿದ. ವೆರ್ನಾಳ ಜಾಮೀನಿನ ವಿಚಾರಣೆಗೆ ಮ್ಯಾಜಿಸ್ಟ್ರೇಟರು ಸಂಜೆಗೆ ಬರುವವರಿದ್ದರು. ಎಂಜಿನ್ನುಗಳ ಸದ್ದು ಠಾಣೆಯ ಕಿಟಕಿಗಳನ್ನು ಅದುರಿಸತೊಡಗಿದ ಹೊತ್ತಿಗೆ ಹೊಯ್ಟ್ ಲ್ಯಾನ್‌ಫರ್ಡ್ ಒಳಗೆ ಬಂದು, ಅಕ್ಕನನ್ನು ನೋಡಬಹುದೇ ಎಂದು ಕೇಳಿದ. ಗಡ್ಡ ಬೋಳಿಸಿರಲಿಲ್ಲ. ಪ್ರುಯಿಟ್ ಲಾಕಪ್ಪಿನ ಕಂಬಿಯ ಮುಂದೆ ಕುರ್ಚಿ ಹಾಕಿಕೊಟ್ಟಳು.

ಅವನು ಕುರ್ಚಿಯ ಬೆನ್ನು ಹಿಡಿದ. ಆಮೇಲೆ ಅದನ್ನು ಎತ್ತಿ ತಿರುಗಿಸಿ, ಅವಳು ತನ್ನ ಬಲಗಡೆಗೆ ಬರುವ ಹಾಗೆ ಹಾಕಿಕೊಂಡು ಕೂತ.