ಗುರಾಮಿಯ ನಾಲ್ಕನೇ ಮನೆ

“ಬೇಶರಮ್! ಮತ್ತ ಉಗುಳಿಯಲ್ಲಾ!”

ಲಾಲಮ್ಮ ಮೀನಿನ ಗಾಜಿನ ತೊಟ್ಟಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. ನಿನ್ನೆಯಷ್ಟೇ ತೆಗೆದು ಚೆಲ್ಲಿದ ನೊರೆ ಇವತ್ತು ಮತ್ತೆ ನೀರಿನ ಮೇಲೆ ಅಂಗೈಯಗಲ ಹರಡಿತ್ತು.

ತೊಟ್ಟಿ ಪಕ್ಕದ ಮನೆಯ ಮನ್ಸೂರಅಲಿ ಮಾಸ್ತರರದು. ಶಹಾಪುರ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅದು. ಇಷ್ಟು ದಿನ ಉರ್ದುವಿನಲ್ಲಿ ಲೆಕ್ಕ ಹೇಳಿಕೊಟ್ಟ ಮಾಸ್ತರರು ಕನ್ನಡ ಬರೆಯುವುದು ಕಲಿಯಲು ಗುಲ್ಬರ್ಗಕ್ಕೆ ಟ್ರೇನಿಂಗಿಗೆ ಹೋಗಿದ್ದರು. ಹೋಗುವಾಗ ಹೈದರಾಬಾದಿನಿಂದ ತಂದಿದ್ದ ಎರಡು ಗುರಾಮಿ ಮೀನುಗಳನ್ನು ಅವಳಿಗೆ ಒಪ್ಪಿಸಿದ್ದರು.

“ಮುಚ್ಚಳ ಬಿಗಿ ಹಾಕಬ್ಯಾಡ. ಇವು ಮ್ಯಾಲ ಬಂದು ನಮ್ಮಂಗ ಗಾಳಿ ತಗೋತಾವ. ನೀರು ಸಾಫ್ ಇಡು.”

ಸಾಫ್! ಮೂರು ದಿನ ಅವಳು ನೊರೆ ತೆಗೆದದ್ದೇ ತೆಗೆದದ್ದು, ಗಂಡು ಮೀನು ಮಾಡಿದ್ದೇ ಮಾಡಿದ್ದು. ಸಾಲದ್ದಕ್ಕೆ ಹೆಣ್ಣನ್ನು ಮೂಲೆಯಿಂದ ಮೂಲೆಗೆ ಅಟ್ಟುತ್ತಿತ್ತು.

“ಆಯಿ, ಇದು ತಾನೂ ಸುಮ್ಮನಿರಂಗಿಲ್ಲ, ನನ್ನೂ ಸುಮ್ಮನ ಬಿಡಂಗಿಲ್ಲ!”

ಅಜ್ಜಿ ಸುಂದ್ರಮ್ಮ ಜೋಳ ಹಸನು ಮಾಡುತ್ತಲೇ ಅಂದಳು: “ಮಂದಿ ಮೀನಿನ ಸಾರು ಮಾಡ್ತಾರ. ನೀ ಮೀನಿನ ಚಾಕರಿ ಮಾಡಾಕತ್ತಿ.”

ಲಾಲಮ್ಮ ಸಿಟ್ಟಿನಿಂದ ಚಮಚೆ ಇಳಿಸಿದಳು. ಗಂಡು ಮೀನು ಚಮಚೆಗೇ ಢಿಕ್ಕಿ ಹೊಡೆಯಿತು.

“ಸರಿ ಅತ್ತಾಗ!”

ಚಮಚೆಯಲ್ಲಿ ಬಂದಷ್ಟು ನೊರೆ ಚೆಲ್ಲಲು ಬಾಗಿಲಿಗೆ ಬಂದಾಗ ಅದರ ಮೇಲೆ ಬಿಸಿಲು ಬಿತ್ತು. ಒಳಗೆ ಗಸಗಸೆಯಂಥ ಕಾಳುಗಳು.

ಓಡಿ ಬಂದು ತೊಟ್ಟಿಗೆ ಮೂಗು ಹಚ್ಚಿದಳು. ಒಂದು ಕಾಳು ಕೆಳಗೆ ಜಾರುತ್ತಿತ್ತು. ಗಂಡು ಅದನ್ನು ಬಾಯಲ್ಲಿ ಹಿಡಿಯಿತು. ನುಂಗಲಿಲ್ಲ. ಮೇಲೆ ಬಂದು, ಉಳಿದ ಗುಳ್ಳೆಗಳ ನಡುವೆ ಇಟ್ಟಿತು. ಗಾಳಿ ತೆಗೆದುಕೊಂಡು ಇನ್ನೊಂದು ಗುಳ್ಳೆ ಬಿಟ್ಟಿತು.

“ಆಯಿ... ಇವು ತತ್ತಿ!”

ಚಮಚೆಯನ್ನು ಮತ್ತೆ ನೀರಿಗೆ ತಂದು, ನೊರೆಯನ್ನು ಮೆಲ್ಲಗೆ ತೇಲಿಬಿಟ್ಟಳು. ಗಂಡು ಮತ್ತೆ ಅಟ್ಟದಂತೆ ಹೆಣ್ಣನ್ನು ಬೇರೆ ಬೋಗುಣಿಗೆ ಹಾಕಿದಳು.

ಎರಡು ದಿನದ ಮೇಲೆ ಮಾಸ್ತರರು ರಜೆಗೆ ಊರಿಗೆ ಬಂದರು. ನೊರೆಯ ಕೆಳಗೆ ಕೂದಲೆಳೆಯಂಥ ಬಾಲಗಳು ಅಲ್ಲಾಡುತ್ತಿದ್ದವು.

“ಅರೆ ವಾ! ನೊರಿ ಮನಿ ಕಟ್ಟಿ ಮರಿ ಮಾಡ್ಯಾನ! ಭಾಳ ಚಲೋ ನೋಡಿಕೊಂಡಿ, ಲಾಲಮ್ಮ.”

ಲಾಲಮ್ಮ ನೆಲ ನೋಡಿದಳು. ಸುಮ್ಮನಿದ್ದರೆ ಮಾಸ್ತರರಿಗೆ ಗೊತ್ತಾಗುತ್ತಿರಲಿಲ್ಲ.

“ಇದು ನಾಕನೇ ಮನಿರಿ, ಮಾಸ್ತರ್ರ. ಮೊದಲಿನ ಮೂರೂ ನಾನೇ ಚೆಲ್ಲೀನ್ರಿ. ಹೊಲಸು ಅಂದುಕೊಂಡಿದ್ನಿರಿ.”

ಮಾಸ್ತರರು ಪಕ್ಕಕ್ಕೆ ಸರಿದು ಅವಳಿಗೆ ಜಾಗ ಕೊಟ್ಟರು. ಒಂದು ಮರಿ ನೊರೆಯಿಂದ ಕಳಚಿ ಕೆಳಗೆ ಬೀಳತೊಡಗಿತು. ಲಾಲಮ್ಮ ಉಸಿರು ಬಿಗಿಹಿಡಿದಳು, ಕೈ ಮಾತ್ರ ಹಾಕಲಿಲ್ಲ. ಗಂಡು ಮೀನು ಆಗಲೇ ಅದನ್ನು ಹಿಡಿಯಲು ಹೊರಟಿತ್ತು.