ಸುಯಿಯ ಕಾರ್ಡ್ ಕಳುವಾದ ಪ್ರಕರಣ

2025ರ ಮಾರ್ಚ್ 16, ಭಾನುವಾರ, ಬೆಳಗ್ಗೆ 10.40. ಐ.ಡಿ.ಹಳ್ಳಿ ಕಡೆಯ ಶಾಲಾ ಶಿಕ್ಷಕಿ ದಾಕ್ಷಾಯಣಮ್ಮ, ಹುಣಸೆಹಣ್ಣಿನ ಶೆಡ್ಡಿನಲ್ಲಿ ಬೀಜ ಬಿಡಿಸುವ ಸುಯಿ ಎಂಬ ಹೆಂಗಸನ್ನು ಠಾಣೆಗೆ ಕರೆತಂದರು. ಸುಯಿ ಬರ್ಮಾದವಳು. ಸೈನ್ಯದವರು ಊರಿಗೆ ಬೆಂಕಿ ಇಟ್ಟಾಗ ಗಡಿ ದಾಟಿ ಓಡಿಬಂದವಳು. ವಿಶ್ವಸಂಸ್ಥೆ ಕೊಟ್ಟಿದ್ದ ನಿರಾಶ್ರಿತರ ಕಾರ್ಡ್ ಅವಳ ಟ್ರಂಕಿನಿಂದ ಕಾಣೆಯಾಗಿತ್ತು.

"ಯಾವತ್ತಿಂದ ಇಲ್ಲ?" ಇನ್‌ಸ್ಪೆಕ್ಟರ್ ಮಲ್ಲಿಕಾರ್ಜುನಯ್ಯ ಕೇಳಿದರು.

"ಬುಧವಾರದಿಂದ. ಗುರುವಾರವೇ ಇವಳು ಇಲ್ಲಿಗೆ ಬಂದಿದ್ಲು ಸಾರ್. ಫಾರಿನ್ ಕೇಸು, ತುಮಕೂರಿಗೆ ಹೋಗು ಅಂತ ಕಳಿಸಿದ್ರಂತೆ," ಎಂದರು ದಾಕ್ಷಾಯಣಮ್ಮ.

ಕಳಿಸಿದವನು ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರ್ ಸುರೇಶ್. ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. ಇಂಥ ಹೊತ್ತಲ್ಲೇ ನೋಡಿ, ಎಲ್ಲಿಲ್ಲದ ಕೆಲಸ ಬಂದುಬಿಡುತ್ತದೆ!

18ಕ್ಕೆ ದೆಹಲಿಯಲ್ಲಿ ಸುಯಿಗೆ ಸಂದರ್ಶನವಿತ್ತು. ನಾಲ್ಕು ವರ್ಷದ ಹಿಂದೆ ದೂರವಾದ ಮಗಳು ಆಸ್ಟ್ರೇಲಿಯಾದಲ್ಲಿ ಚಿಕ್ಕಮ್ಮನ ಜೊತೆ ಇದ್ದಾಳೆ. ಅವಳನ್ನು ಸೇರಬೇಕಾದರೆ ಈ ಸಂದರ್ಶನ ಆಗಬೇಕು, ಅದಕ್ಕೆ ಕಾರ್ಡ್ ಬೇಕು. ರೈಲಿನಲ್ಲಿ ಎರಡು ದಿನದ ದಾರಿ.

11.15ಕ್ಕೆ ಎಫ್‌ಐಆರ್ ದಾಖಲಾಯಿತು. ಕೂಲಿಗಳ ಕಾರ್ಡು ಕಿತ್ತಿಟ್ಟುಕೊಳ್ಳುವ ಮೇಸ್ತ್ರಿಗಳನ್ನು ಮಲ್ಲಿಕಾರ್ಜುನಯ್ಯ ಬಹಳ ಜನ ಕಂಡಿದ್ದರು. ಅದಕ್ಕೇ ಶೆಡ್ಡಿನ ಮೇಸ್ತ್ರಿ ಚೇತನ್ ಕುಮಾರನನ್ನು ಸಂಜೆವರೆಗೂ ಠಾಣೆಯಲ್ಲಿ ಕೂರಿಸಿದರು. ಆ ಬಡಪಾಯಿಗೆ ಏನೂ ಗೊತ್ತಿರಲಿಲ್ಲ. ಇನ್ನೊಂದು ದಿನ ಹಾಳಾಯಿತು.

17ರ ಮಧ್ಯಾಹ್ನ 2ಕ್ಕೆ ಸುಯಿಯ ಕೋಣೆಯಲ್ಲಿ ಪಂಚನಾಮೆ. ಕೋಣೆ ಕೊಟ್ಟಾಕೆ ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮ, ಅದೇ ಶೆಡ್ಡಿನಲ್ಲಿ ಸುಯಿಯ ಪಕ್ಕದಲ್ಲೇ ಕೂತು ದುಡಿಯುವಾಕೆ. ಟ್ರಂಕಿನ ಬೀಗ ಒಡೆದಿರಲಿಲ್ಲ.

"ಬೀಗದ ಕೈ ಎಲ್ಲಿಡ್ತೀಯ?"

"ಅವ್ವನ ಹತ್ರ," ಎಂದಳು ಸುಯಿ, ಚಿಕ್ಕಲಕ್ಷ್ಮಮ್ಮನ ಕಡೆ ತೋರಿಸಿ. "ಅವ್ವ ಒಳ್ಳೇವ್ಳು ಸಾರ್. ನಾನು ಬೆಂಗಳೂರಿಗೆ ಹೊಂಟ್ರೆ ಚಪ್ಲಿ ಬಚ್ಚಿಡ್ತಾಳೆ. ನಾಳೆ ಹೋಗೀಯಂತೆ ಇರು ಅಂತಾಳೆ."

ಪಂಚರು ನಕ್ಕರು. ಹೊರಟ ನೆಂಟರ ಚಪ್ಪಲಿಯನ್ನೋ ಚೀಲವನ್ನೋ ಬಚ್ಚಿಟ್ಟು ಒಂದು ದಿನ ಉಳಿಸಿಕೊಳ್ಳದ ಮನೆ ಈ ಸೀಮೆಯಲ್ಲಿ ಯಾವುದಿದೆ? ಇನ್‌ಸ್ಪೆಕ್ಟರ್ ಮಾತ್ರ ನಗಲಿಲ್ಲ. ಚಿಕ್ಕಲಕ್ಷ್ಮಮ್ಮನೂ ನಗಲಿಲ್ಲ.

"ಎಲ್ಲಿಟ್ಟಿದ್ದೀರಮ್ಮ?"

ಆಕೆ ತನ್ನ ಮನೆಯ ಕಡೆ ಕೈ ತೋರಿದಳು. "ರಾಗಿ ಡ್ರಮ್ಮಲ್ಲೈತೆ ಸ್ವಾಮಿ."

ಮಹಿಳಾ ಕಾನ್‌ಸ್ಟೆಬಲ್ ಗಂಗಾಂಬಿಕಾ ಮೊಣಕೈವರೆಗೂ ಕೈ ಇಳಿಸಿ ಕಾರ್ಡ್ ತೆಗೆದಳು. ಸಮಯ 3.50.

"ಯಾಕೆ ಮಾಡಿದ್ರಿ?"

"ಕಾಲು ಮುರ್ಕಂಡು ಮೂರು ತಿಂಗ್ಳು ಬಿದ್ದಿದ್ದೆ. ನನ್ನ ಮೈ ತೊಳ್ದೋಳು ಇವ್ಳು. ಹೋದ್ರೆ ಮತ್ತೆ ಬರಲ್ಲ ಅಂತ ಗೊತ್ತಾತು. ಒಂದೆರಡು ದಿನ ಇಟ್ಕಂಡು ಕೊಟ್ಬುಡಾನ ಅಂದ್ಕಂಡೆ. ಪೊಲೀಸು ಅಂದೇಟ್ಗೆ ಬಾಯೇ ಬರ್ಲಿಲ್ಲ." ಸೆರಗು ಮುಖಕ್ಕೆ ಎಳೆದುಕೊಂಡಳು. "ಅವ್ಳು ಅತ್ಕಂಡು ಹುಡುಕ್ತಿದ್ರೆ ಅವ್ಳ ಜೊತೆ ನಾನೂ ಹುಡುಕ್ದೆ ಸ್ವಾಮಿ. ಥೂ, ನನ್ ಜನ್ಮಕ್ಕಿಷ್ಟು!"

ಕಾರ್ಡ್ ಸಿಕ್ಕಿತು, ಆದರೆ ಕೈಗೆ ಕೊಡುವಂತಿಲ್ಲ. ಜಪ್ತಿಯಾದ ಮಾಲು ಮಧುಗಿರಿ ಕೋರ್ಟಿಗೆ ಹೋಗಿಯೇ ಬರಬೇಕು. ನಾಳೆಯ ಸಂದರ್ಶನ ತಪ್ಪಿತು, ಮುಂದಿನದು ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಇದನ್ನು ಸುಯಿಗೆ ಹೇಳುವಾಗ ಮಲ್ಲಿಕಾರ್ಜುನಯ್ಯನವರಿಗೆ ಅವಳ ಮುಖ ನೋಡಲು ನಾಚಿಕೆಯಾಯಿತು. ಸುಯಿ ಹೊರಗೆ ಹೋದಳು.

ಹೆಂಗಸನ್ನು ಸೂರ್ಯ ಮುಳುಗುವ ಮೊದಲೇ ದಸ್ತಗಿರಿ ಮಾಡಬೇಕು. 5.20ಕ್ಕೆ ಜೀಪು ಸ್ಟಾರ್ಟ್ ಆಯಿತು. ಆದರೆ ಚಿಕ್ಕಲಕ್ಷ್ಮಮ್ಮನ ಚಪ್ಪಲಿ ಬಾಗಿಲಲ್ಲಿರಲಿಲ್ಲ. ಗಂಗಾಂಬಿಕಾ ಸುತ್ತೆಲ್ಲ ಹುಡುಕಿದಳು.

ಸುಯಿ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದಳು. ಅತ್ತು ಕಣ್ಣು ಊದಿದ್ದವು.

"ಅವ್ವ ನಾಳೆ ಬರ್ಲಿ ಸಾರ್," ಎಂದಳು.

"ಬ್ಯಾಡ ಕಣಮ್ಮ, ಇಂಗೆ ಮಾಡ್ಬ್ಯಾಡ," ಎನ್ನುತ್ತಾ ಚಿಕ್ಕಲಕ್ಷ್ಮಮ್ಮ ಬರಿಗಾಲಲ್ಲೇ ಹೋಗಿ ಜೀಪು ಹತ್ತಿದಳು.

ಆ ಸಂಜೆ ಕೇಸ್ ಡೈರಿಯನ್ನು ಮಲ್ಲಿಕಾರ್ಜುನಯ್ಯ ರೈಟರಿಗೆ ಕೊಡದೆ ತಾವೇ ಬರೆದರು. "ಆರೋಪಿತೆಗೆ ಲಾಭದ ಉದ್ದೇಶವಿರಲಿಲ್ಲ. ಹೊರಟವಳನ್ನು ಉಳಿಸಿಕೊಳ್ಳುವ ಆಸೆಯಿತ್ತು. ದೂರನ್ನು 13ರಂದೇ ಈ ಠಾಣೆ ಸ್ವೀಕರಿಸಿದ್ದರೆ ದೂರುದಾರಳಿಗೆ ರೈಲು ಸಿಗುತ್ತಿತ್ತು." ಕೊನೆಯ ಸಾಲನ್ನು ಸುರೇಶ್ ಪಕ್ಕದಲ್ಲಿ ನಿಂತು ಓದಿದ. ಹೊಡೆದುಹಾಕಿ ಸಾರ್ ಎನ್ನಲು ಅವನಿಗೂ ಬಾಯಿ ಬರಲಿಲ್ಲ. ಇನ್‌ಸ್ಪೆಕ್ಟರ್ ಕೆಳಗೆ ಸಹಿ ಹಾಕಿದರು.