ನೆರಳಲ್ಲಿ ಒಣಗಬೇಕಿದ್ದ ಬೀಜ

ನನಗೆ ಮರೆವು ಬಂದಿದೆ ಎಂದವರು ಯಾರು? ಹೋದ ಸಲ ನಾನು ಕಳಿಸಿದ ವಾಯ್ಸ್ ನೋಟ್ ಕೇಳಿ ನಕ್ಕವರೆಲ್ಲ ಸ್ವಲ್ಪ ಬಾಯಿ ಮುಚ್ಚಿಕೊಳ್ಳಿ! ಮುದನಾಳದ ಮೌನಮ್ಮನ ಮಾಳಿಗೆಗೆ ಎಷ್ಟು ಮೆಟ್ಟಿಲು ಅಂತ ಕೇಳಿ, ಹೇಳುತ್ತೇನೆ. ಹನ್ನೊಂದು. ಏಳನೆಯದು ಒಡೆದಿತ್ತು. ಸಾಕಾ? ಈಗ ಸುಮ್ಮನೆ ಕೇಳಿ.

ಆ ಮನೆಯ ಮುಂದೆಯೇ ನಾಗಲಕ್ಷ್ಮಿ ಮತ್ತು ಬಸವಂತ್ರಾಯ ಮೊದಲ ಸಲ ಜಗಳವಾಡಿದ್ದು.

ಅವಳು ರಂಗಂಪೇಟೆಯವಳು. ಶಹಾಪುರದಲ್ಲಿ ಜೀವಾಣು ಗೊಬ್ಬರ ತಯಾರಿಸುವ ಸಣ್ಣ ಘಟಕದಲ್ಲಿ ಕೆಲಸ. ತೊಗರಿ ಬಿತ್ತನೆಗೆ ಮುಂಚೆ ಊರೂರಿಗೆ ಹೋಗಿ, ಬೆಲ್ಲದ ನೀರಲ್ಲಿ ಕರಿ ಪುಡಿ ಕಲಸಿ ಬೀಜಕ್ಕೆ ಹಚ್ಚುವುದನ್ನು ತೋರಿಸುತ್ತಿದ್ದಳು.

"ನಿಮ್ಮ ಹೊಲದಾಗ ರಂಜಕ ಬೇಕಾದಷ್ಟು ಅದರಿ. ಆದ್ರ ಮಣ್ಣು ಅದನ್ನ ಗಟ್ಟಿ ಹಿಡ್ಕೊಂಡದ, ಬೇರಿಗೆ ಬಿಟ್ಟುಕೊಡಂಗಿಲ್ಲ. ಈ ಪುಡಿಯಾಗಿನ ಜೀವಾಣು ಅದನ್ನ ಕರಗಿಸಿ ಬೇರಿಗೆ ಉಣಸ್ತಾವ."

"ಪುಡಿಯಾಗ ಜೀವ ಅದಂತ! ನಾಡಿ ಹಿಡಿದು ನೋಡೀರೇನ್ರಿ ಮೇಡಂ?" ಬಸವಂತ್ರಾಯ ಕೇಳಿದ. ಜನ ನಕ್ಕರು.

"ಜೀವ ಅದ ಅಂತಲೇ ಬೀಜ ನೆರಳಾಗ ಒಣಗಸ್ರಿ ಅಂತೀನಿ. ಬಿಸಿಲಿಗೆ ಹಾಕಿದ್ರ ಸಾಯ್ತಾವ. ನಿಮ್ಮಂಗ ಬಿಸಿಲಾಗ ನಿಂತು ಹರಟಿ ಹೊಡಿಯೋ ತಾಕತ್ತು ಅವಕ್ಕಿಲ್ಲ!"

ಎಲ್ಲರಿಗಿಂತ ಜೋರಾಗಿ ನಕ್ಕವಳು ಅವನ ತಾಯಿ ಮೌನಮ್ಮ.

"ತಮ್ಮಾ, ಒಂದೆಕರೆಗೆ ಈಕಿ ಹೇಳಿದಂಗ ಮಾಡೂಣು. ಬೀಜದ ಕೆಲಸ ನಂದು," ಎಂದಳು ಮಗನಿಗೆ.

ತಾಯಿಗೆ ಹೃದಯದ ಕಾಯಿಲೆ. ಮಗ ಅವಳಿಗೆ ಹೊಲದ ಕೆಲಸವನ್ನೆಲ್ಲ ಬಿಡಿಸಿದ್ದ. ಬೀಜವೊಂದೇ ಅವಳ ಕೈಯಲ್ಲಿ ಉಳಿದಿತ್ತು. ಅವನು ಒಪ್ಪಿದ. ಪುಡಿಯನ್ನು ನಂಬಿ ಆ ಎಕರೆಗೆ ರಂಜಕದ ಗೊಬ್ಬರ ಡಿಎಪಿಯನ್ನು ಅರ್ಧಕ್ಕಿಳಿಸಿದ.

ಆಮೇಲೆ ವಾರಕ್ಕೊಮ್ಮೆ ಶಹಾಪುರಕ್ಕೆ ಬರತೊಡಗಿದ. ಕೈಯಲ್ಲಿ ಒಂದು ತೊಗರಿ ಎಲೆ.

"ಇದು ಹೋದ ವಾರದ ಎಲಿನೇ ಅಲ್ಲೇನ್ರಿ?"

"ಎಲಿ ಹಳೇದು. ನೆವ ಹೊಸದು."

ಅವತ್ತು ನಾಗಲಕ್ಷ್ಮಿ ಪ್ಯಾಕೆಟ್ ಎಣಿಸುವುದನ್ನು ಮೂರು ಸಲ ತಪ್ಪಿದಳು... ಇವನು ಬಾರದ ವಾರ ನಾನೇನು ಮಾಡಲಿ?

ಹೂ ಬಿಡುವ ಹೊತ್ತಿಗೆ ಆ ಎಕರೆ ಮಾತ್ರ ಬಡವಾಗಿ ನಿಂತಿತು. ಅಷ್ಟರಲ್ಲಿ ಹಾಸಿಗೆ ಹಿಡಿದಿದ್ದ ಮೌನಮ್ಮ, ನೋಡಲು ಬಂದ ನಾಗಲಕ್ಷ್ಮಿಯ ಕೈಯನ್ನು ಮಲಗಿದಲ್ಲಿಂದಲೇ ಹಿಡಿದುಕೊಂಡಳು.

"ಯವ್ವಾ, ತಪ್ಪು ನಂದು. ಬಿತ್ತೋ ಬೀಜ ಸೂರ್ಯಾಗ ತೋರಸದ ನಮ್ಮನ್ಯಾಗ ಯಾರೂ ಬಿತ್ತಿಲ್ಲ. ಪುಡಿ ಹಚ್ಚಿ ಮಾಳಿಗಿ ಮ್ಯಾಲ ಎರಡು ದಿನ ಹರವಿದ್ದೆ. ತಮ್ಮಗ ಹೇಳಬ್ಯಾಡ. ಗೊತ್ತಾದ್ರ ಬೀಜಾನೂ ಕಸಗೋತಾನ. ಆಮ್ಯಾಲ ಈ ಮನ್ಯಾಗ ನಾ ಯಾತಕ್ಕ?"

ನಾಗಲಕ್ಷ್ಮಿ ಅವಳ ಕೈ ಒತ್ತಿ ಮಾತು ಕೊಟ್ಟಳು.

ಮರುದಿನವೇ ಬಸವಂತ್ರಾಯ ಘಟಕಕ್ಕೆ ಬಂದು ಎಲ್ಲರೆದುರು ಕೂಗಾಡಿದ. "ಸತ್ತ ಪುಡಿ ಕೊಟ್ಟೀರಿ! ಹಾಸಿಗಿ ಹಿಡಿದ ನಮ್ಮವ್ವಗ ಸುಳ್ಳು ಹೇಳಾಕ ಮನಸಾದ್ರೂ ಹೆಂಗ ಬಂತು?"

ಒಂದು ಮಾತು... ಒಂದೇ ಮಾತು ಸಾಕಿತ್ತು! ಅವಳು ತಲೆ ತಗ್ಗಿಸಿ ನಿಂತಳು.

ತಿಂಗಳೊಳಗೆ ಮೌನಮ್ಮ ತೀರಿಕೊಂಡಳು. ಮಣ್ಣಿಗೆ ಬಂದ ನಾಗಲಕ್ಷ್ಮಿಯನ್ನು ಕಂಡು ಬಸವಂತ್ರಾಯ ಮುಖ ತಿರುಗಿಸಿದ. ಈಗಲಾದರೂ ಹೇಳಲೇ ಎಂದು ಅವಳಿಗೆ ಅನ್ನಿಸಿತು. ಆದರೆ ಬದುಕಿದ್ದಾಗ ಮುಚ್ಚಿಟ್ಟ ತಪ್ಪನ್ನು ಸತ್ತವಳ ಮೇಲೆ ಹೊರಿಸುವುದೇ? ಬಸ್ಸಿನ ಕಿಟಕಿಗೆ ತಲೆಯಾನಿಸಿ ಶಹಾಪುರದವರೆಗೂ ಅತ್ತಳು.

ಮುಂದಿನ ಬಿತ್ತನೆ ಬಂತು. ಬೀಜ ಹಿಡಿದು ಮಾಳಿಗೆ ಹತ್ತಿದ ಬಸವಂತ್ರಾಯನಿಗೆ ಪಕ್ಕದ ಮನೆಯ ಮಲ್ಲಿಕಮ್ಮ ಹೇಳಿದಳು. "ಆ ಮೂಲಿಗೆ ಹರವೋ, ಬಿಸಿಲು ಛಲೋ ಬೀಳ್ತದ. ಹೋದ ವರ್ಷ ನಿಮ್ಮವ್ವ ಕರಿ ಪುಡಿ ಹಚ್ಚಿದ ಬೀಜ ಅಲ್ಲೇ ಎರಡು ದಿನ ಹಾಕಿದ್ಲು."

ಅವನು ಬೀಜವನ್ನು ಅಲ್ಲೇ ಬಿಟ್ಟು ಶಹಾಪುರದ ಬಸ್ಸು ಹಿಡಿದ.

ಮಧ್ಯಾಹ್ನ ಘಟಕದ ಬಾಗಿಲಲ್ಲಿ ಅವನನ್ನು ಕಂಡಾಗ ನಾಗಲಕ್ಷ್ಮಿ ಎಣಿಸುತ್ತಿದ್ದ ಪ್ಯಾಕೆಟ್ ಕೆಳಗಿಟ್ಟಳು.

"ನಿಮಗ ಗೊತ್ತಿತ್ತು," ಎಂದ. "ಯಾಕ ಹೇಳಲಿಲ್ಲ?"

"ಅವ್ವಗ ಮಾತು ಕೊಟ್ಟಿದ್ದೆ."

"ನಾ ನಿಮಗ ಸುಳ್ಳಿ ಅಂದೆ..."

"ಅಂದ್ರಿ. ವರ್ಷ ಆಗಾಕ ಬಂತು, ದಿನಾ ಕೇಳಸ್ತದ." ಅವಳ ಕಣ್ಣು ತುಂಬಿದವು. "ಈಗ ಯಾಕ ಬಂದೀರಿ?"

"ಅವ್ವ ಇಲ್ಲದ ಮನಿಗೆ ಹೋಗಾಕ ಕಾಲು ಬರವಲ್ದು. ನೀವಿಲ್ಲದ ಶಹಾಪುರದಾಗ ನನಗ ಕೆಲಸಿಲ್ಲ. ತಪ್ಪಾತು ಲಕ್ಷ್ಮೀ. ನೀವು ಹೋಗಂದ್ರ ಹೋಗ್ತೀನಿ... ಆದ್ರ ನೀವಂದ್ರ ನನಗ ಜೀವ."

ಅವಳು ಕಣ್ಣೊರೆಸಿಕೊಂಡು ಮೂಲೆಯಲ್ಲಿದ್ದ ಬುತ್ತಿ ಡಬ್ಬಿ ಎತ್ತಿಕೊಂಡಳು.

"ಅವತ್ತು ಅವ್ವ ಇನ್ನೊಂದು ಹೇಳಿದ್ರು," ಎಂದಳು. "ನನ್ನ ಮಗ ಹಸಿದಾಗಷ್ಟೇ ಕೆಟ್ಟವ ಅಂತ. ಉಂಡು ಬಂದೀರೇನು?"

ಅವನು ಅಳುತ್ತಲೇ ಇಲ್ಲವೆಂದು ತಲೆಯಾಡಿಸಿದ.

ನಾಗಲಕ್ಷ್ಮಿ ಡಬ್ಬಿ ತೆರೆದು ರೊಟ್ಟಿಯನ್ನು ಎರಡು ಪಾಲು ಮಾಡಿದಳು. "ಕೂಡ್ರಿ. ಅಳಬ್ಯಾಡ್ರಿ, ಗಂಟಲಿಗೆ ಹತ್ತತದ."

"ನೀನೂ ಅಳಾಕತ್ತೀಯಲ್ಲ..."

"ನನಗ ರೂಢಿ ಆಗ್ಯಾದ."

ಇಷ್ಟೇ ಕಥೆ. ಕೇಳಿ ಅಳಿಸಿ ಹಾಕಬೇಡಿ. ಮನೆಯಲ್ಲಿ ಯಾರ ಜೊತೆಗಾದರೂ ಮಾತು ಬಿಟ್ಟಿದ್ದರೆ, ಇದನ್ನು ಮೊದಲು ಅವರಿಗೇ ಕಳಿಸಿ.